ಹಿಂಬಾಗಿಲಿನ ಆತಿಥ್ಯ: ಕೋವಿಡ್ ಕಾಲದ ಸಿಬ್ಬಂದಿ ವಸತಿ ಸೇವೆಯೊಂದರ ವಿಮರ್ಶೆ

ಹಾಸಿಗೆ ಚೆನ್ನಾಗಿತ್ತು. ಬಿಸಿನೀರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕಿಟಕಿಗೆ ದಪ್ಪ ಪರದೆ ಇದ್ದುದರಿಂದ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲಿನಲ್ಲಿ ನೆಮ್ಮದಿಯಾಗಿ ಮಲಗಬಹುದಿತ್ತು. ವಸತಿಗೃಹಗಳಿಗೆ ಎಲ್ಲರೂ ಅಂಕ ಕೊಡುವ ರೀತಿಯಲ್ಲಿ ಕೊಟ್ಟರೆ ಐದಕ್ಕೆ ನಾಲ್ಕು ಧಾರಾಳವಾಗಿ ಸಲ್ಲುತ್ತದೆ. ನಾನು ಕೊಡುತ್ತಿರುವುದು ಎರಡೂವರೆ. ಯಾಕೆಂದು ವಿವರವಾಗಿಯೇ ಬರೆಯುತ್ತೇನೆ. ಇಂಥ ಸೇವೆ ಮುಂದೆಯೂ ಬೇಕಾಗುತ್ತದೆ, ಮತ್ತು ಅದನ್ನು ಕಾಗದದ ಮೇಲೆ ರೂಪಿಸುವವರು ಸಾಮಾನ್ಯವಾಗಿ ಅಲ್ಲಿ ಮಲಗುವವರಲ್ಲ.

ಕೋವಿಡ್ ಶುರುವಾದ ಮೇಲೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯು ಸಿಬ್ಬಂದಿಗಾಗಿ ಒಂದು ವಸತಿಗೃಹವನ್ನು ಇಡಿಯಾಗಿ ಗೊತ್ತುಮಾಡಿಕೊಂಡಿತು. ಜೊತೆಗೆ ಓಡಾಟಕ್ಕೆ ಒಂದು ಬಸ್, ಮಾತನಾಡಬೇಕೆನಿಸಿದರೆ ಆಪ್ತಸಮಾಲೋಚನೆಯ ಒಂದು ದೂರವಾಣಿ ಸಂಖ್ಯೆ. ನಾನು ಪ್ರಯೋಗಾಲಯದ ತಂತ್ರಜ್ಞೆ. ಜನರ ಮೂಗಿಗೆ, ಗಂಟಲಿಗೆ ಕಡ್ಡಿ ಹಾಕಿ ದ್ರವದ ಮಾದರಿ ತೆಗೆಯುವುದು ನನ್ನ ಕೆಲಸ. ಚಪ್ಪಾಳೆ ತಟ್ಟುವಾಗ ನಾವು ಯಾರಿಗೂ ನೆನಪಾಗುವುದಿಲ್ಲ, ದೂರ ಇಡುವಾಗ ಮಾತ್ರ ಎಲ್ಲರಿಗೂ ಮೊದಲು ನೆನಪಾಗುತ್ತೇವೆ.

ಸಿಬ್ಬಂದಿಯಿಂದ ಮನೆಯವರಿಗೆ ಸೋಂಕು ತಗಲಬಾರದು ಎನ್ನುವುದು ಈ ಸೇವೆಗೆ ಸುತ್ತೋಲೆಯಲ್ಲಿ ಕೊಟ್ಟಿದ್ದ ಕಾರಣ. ಅದು ಸುಳ್ಳಲ್ಲ. ಆದರೆ ನಮ್ಮಲ್ಲಿ ಹಲವರು ಅಲ್ಲಿಗೆ ಬಂದದ್ದು ಮನೆಗೆ ಹೋಗಬಾರದೆಂದಲ್ಲ, ಮನೆ ಬಿಡಿಸಿದ್ದರೆಂದು. ನನ್ನ ಮನೆ ಮಾಲೀಕರು ಒಳ್ಳೆಯವರೇ. ನಾನು ಗೇಟಿನ ಹೊರಗೆ ನಿಂತಿದ್ದಾಗ ಅವರು ಮಹಡಿಯ ಕಿಟಕಿಯಲ್ಲಿ ಕಾಣುತ್ತಿದ್ದರು, ಮಾತು ಮಾತ್ರ ಮೊಬೈಲಿನಲ್ಲಿ. "ನಿಮ್ಮ ಮೇಲೆ ನಮಗೆ ತುಂಬಾ ಗೌರವ ಇದೆಯಮ್ಮಾ. ಇದೆಲ್ಲ ಮುಗಿದ ಮೇಲೆ ಬನ್ನಿ, ನಿಮ್ಮ ಸಾಮಾನಿಗೆ ಏನೂ ಆಗುವುದಿಲ್ಲ." ಗೌರವವೂ ನಿಜ, ಬೀಗವೂ ನಿಜ.

ಇದು ಹೊಸದೂ ಅಲ್ಲ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ರೋಗ ಬಂದಾಗ ಸಿಂಗಾಪುರದ ಆರೋಗ್ಯ ಸಿಬ್ಬಂದಿಯ ನಡುವೆ ದೊಡ್ಡ ಸಮೀಕ್ಷೆಯೊಂದು ನಡೆದಿತ್ತು. ಸಮಾಜ ತಮ್ಮನ್ನು ಕಳಂಕಿತರಂತೆ ಕಂಡಿತು ಎಂದವರು ಶೇ 49. ಸ್ವಂತ ಕುಟುಂಬದವರೇ ದೂರವಿಟ್ಟರು ಎಂದವರು ಶೇ 31. ಅದೇ ಸಮೀಕ್ಷೆಯಲ್ಲಿ ಶೇ 77 ಮಂದಿ, ಸಮಾಜ ನಮ್ಮ ಕೆಲಸವನ್ನು ಮೆಚ್ಚುತ್ತದೆ ಎಂದೂ ಹೇಳಿದ್ದರು. ಈ ಅಂಕಿಗಳನ್ನು ಓದಿದಾಗ ನಮ್ಮ ಮಾಲೀಕರು ಕಣ್ಣ ಮುಂದೆ ಬಂದರು. ಮೆಚ್ಚುವವರು ಒಂದು ಗುಂಪು, ದೂರ ತಳ್ಳುವವರು ಇನ್ನೊಂದು ಗುಂಪು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹಾಗಾಗಿ ಸೇವೆಯ ಒಂದೊಂದು ಭಾಗಕ್ಕೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ನಮ್ಮ ಪರವಾಗಿ ನಿಂತಿತೋ, ನಮ್ಮನ್ನು ಬಚ್ಚಿಟ್ಟಿತೋ?

ಬಾಗಿಲಿನಿಂದಲೇ ಆರಂಭಿಸುತ್ತೇನೆ. ವಸತಿಗೃಹದ ಮುಂಬಾಗಿಲು ರಸ್ತೆಗೆ ತೆರೆದುಕೊಳ್ಳುತ್ತದೆ. ನಮಗೆ ಅದರಲ್ಲಿ ಪ್ರವೇಶವಿರಲಿಲ್ಲ. ಕಟ್ಟಡವನ್ನು ಸುತ್ತಿ, ಒಗೆಯುವ ಬಟ್ಟೆಯ ಗಾಡಿಗಳನ್ನು ದಾಟಿ, ಹಿಂದಿನ ಕಿರುಬಾಗಿಲಿನಿಂದ ಹೋಗಬೇಕಿತ್ತು. ಸಾಮಾನು ಸಾಗಿಸುವ ಲಿಫ್ಟಿನಲ್ಲೇ ಮೇಲೆ ಹತ್ತಬೇಕಿತ್ತು. ಒಳಗೆ ಬೇರೆ ಅತಿಥಿಗಳಿದ್ದಿದ್ದರೆ ಇದಕ್ಕೊಂದು ಅರ್ಥವಿರುತ್ತಿತ್ತು. ಇಡೀ ಕಟ್ಟಡದಲ್ಲಿ ಇದ್ದವರು ನಾವೇ. ಯಾರಿಂದ ಯಾರನ್ನು ಬೇರ್ಪಡಿಸುತ್ತಿದ್ದರು? ಎದುರು ಮನೆಗಳವರು ತಕರಾರು ಎತ್ತಿದ್ದಾರೆ, ಅವರ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು ಎಂಬುದು ವ್ಯವಸ್ಥಾಪಕರ ಉತ್ತರ.

ಕಿರುಬಾಗಿಲಿನ ಹೊರಗೆ ಒಬ್ಬ ಹುಡುಗ ಬೆನ್ನಿಗೆ ಔಷಧಿ ಸಿಂಪಡಿಸುವ ಡಬ್ಬಿ ಕಟ್ಟಿಕೊಂಡು ನಿಂತಿರುತ್ತಿದ್ದ. ಬಸ್ಸಿನಿಂದ ಇಳಿದವರು ಕೈ ಅಗಲಿಸಿ ನಿಂತು, ಮುಂದೆ ಒಮ್ಮೆ, ತಿರುಗಿ ಹಿಂದೆ ಒಮ್ಮೆ ಸಿಂಪಡಿಸಿಕೊಳ್ಳಬೇಕು. ಬ್ಲೀಚಿನ ಘಾಟು ಮೂಗಿಗೆ ಅಡರುತ್ತಿತ್ತು, ಕಣ್ಣು ಉರಿಯುತ್ತಿತ್ತು, ಗಾಢ ಬಣ್ಣದ ಬಟ್ಟೆಗಳ ಮೇಲೆ ಬಿಳಿ ಚುಕ್ಕೆಗಳು ಮೂಡಿದವು. ಇಡೀ ದಿನ ಎನ್95 ಹಾಕಿ ಮೂಗಿನ ಸೇತುವೆ ಸುಲಿದಿರುತ್ತದೆ, ಅದರ ಮೇಲೆ ಈ ದ್ರಾವಣ ಬಿದ್ದರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಮನುಷ್ಯರ ಮೈಮೇಲೆ ಸೋಂಕುನಾಶಕ ಸಿಂಪಡಿಸುವುದನ್ನು ಯಾವ ಸಂದರ್ಭದಲ್ಲೂ ಶಿಫಾರಸು ಮಾಡುವುದಿಲ್ಲ, ಅದು ದೇಹಕ್ಕೂ ಮನಸ್ಸಿಗೂ ಹಾನಿಕರ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಸ್ಪಷ್ಟವಾಗಿ ಹೇಳಿತ್ತು. ಒಳಗೆ ಸೇರಿರುವ ವೈರಾಣುವಿಗೆ ಹೊರಗೆ ನೀರು ಹೊಡೆದರೆ ಆಗುವುದಾದರೂ ಏನು? ಆ ಸೂಚನೆಯ ಪ್ರತಿಯನ್ನು ನಾನೇ ತೋರಿಸಿದೆ. ವ್ಯವಸ್ಥಾಪಕರು ಓದಿದರು, ಒಪ್ಪಿಕೊಂಡರು, ಆಮೇಲೆ ಹೇಳಿದರು: "ನೀವು ಹೇಳುವುದು ಸರಿ ಮೇಡಂ. ಆದರೆ ನಾವು ಏನೋ ಮಾಡುತ್ತಿದ್ದೇವೆ ಅಂತ ಅಕ್ಕಪಕ್ಕದವರಿಗೆ ಕಾಣಬೇಕಲ್ಲ."

ಅಷ್ಟು ಪ್ರಾಮಾಣಿಕವಾದ ಮಾತನ್ನು ಆ ಸೇವೆಯಲ್ಲಿ ಮತ್ತೆ ಯಾರಿಂದಲೂ ಕೇಳಲಿಲ್ಲ. ಗ್ರಾಹಕರು ನಾವಾಗಿದ್ದರೂ ಸೇವೆಯ ಅರ್ಧಪಾಲು ನೋಡುವವರಿಗಾಗಿ ನಡೆಯುತ್ತಿತ್ತು.

ಕಿಟಕಿಗಳ ವಿಷಯವೂ ಹಾಗೆಯೇ. ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ಮೆಟ್ಟಿಲ ಕಟಕಟೆಯನ್ನು ಹೊತ್ತುಹೊತ್ತಿಗೆ ಒರೆಸುತ್ತಿದ್ದರು. ಒರೆಸಲಿ, ಬೇಡವೆನ್ನುವುದಿಲ್ಲ. ಆದರೆ ಮೊಗಸಾಲೆಯ ಕಿಟಕಿಗಳನ್ನೆಲ್ಲ ಅಂಟುಪಟ್ಟಿ ಹಚ್ಚಿ ಮುಚ್ಚಿದ್ದರು, 'ಗಾಳಿ' ಹೊರಗೆ ಹೋಗಬಾರದೆಂದು! ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಅಂದಾಜು ಕೊಟ್ಟಿತು. ಅಪಾಯ ಇರುವುದು ಗಾಳಿಯಾಡದ ಒಳಾಂಗಣದಲ್ಲಿ ಗುಂಪಾಗಿ ಇರುವಾಗ. ಹೊರಗಿನವರ ಭಯ ತಣಿಸಲು ಒಳಗಿನವರ ಉಸಿರಿಗೇ ಕುತ್ತು ತಂದಿದ್ದರು. ನಮ್ಮ ಮಹಡಿಯಲ್ಲಿದ್ದ ಹಿರಿಯ ನರ್ಸ್ ಒಬ್ಬರು ದಿನಾ ಕತ್ತರಿ ಹಿಡಿದು ಒಂದು ಕಿಟಕಿಯ ಪಟ್ಟಿ ಕತ್ತರಿಸುತ್ತಿದ್ದರು, ಮರುದಿನ ಯಾರೋ ಮತ್ತೆ ಅಂಟಿಸುತ್ತಿದ್ದರು. ಈ ಯುದ್ಧದಲ್ಲಿ ಕೊನೆಗೆ ಗೆದ್ದವರು ಸಿಸ್ಟರ್, ಪಟ್ಟಿಯ ಸುರುಳಿ ಮುಗಿದದ್ದರಿಂದ.

ಬಸ್ಸಿಗೆ ಬರೋಣ. ಇಡೀ ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ ಭಾಗ ಇದು. ಪಾಳಿ ಎಷ್ಟು ಹೊತ್ತಿಗೆ ಮುಗಿದರೂ ಬಸ್ ಕಾಯುತ್ತಿತ್ತು. ಪಿಪಿಇ ಕಳಚಲು ತಡವಾಯಿತೆಂದು ಯಾರನ್ನೂ ಬಿಟ್ಟು ಹೋದದ್ದಿಲ್ಲ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಆ ಕವಚವನ್ನು ತೊಡುವುದಕ್ಕಿಂತ ಕಳಚುವುದೇ ಕಷ್ಟ. ಕೈಗವಸು, ನಿಲುವಂಗಿ, ಕನ್ನಡಕ ಎಂದು ಒಂದು ಕ್ರಮವಿದೆ, ನಡುನಡುವೆ ಕೈ ತೊಳೆಯಬೇಕು, ಮಾಸ್ಕ್ ಕೊನೆಗೆ. ಅವಸರ ಮಾಡಿದರೆ ಸೋಂಕು ತಗಲುವುದು ಅಲ್ಲಿಯೇ. ಚಾಲಕರಿಗೆ ಇದು ಅರ್ಥವಾಗಿತ್ತು. "ನಿಧಾನವಾಗಿ ಬನ್ನಿ ಮೇಡಂ, ನಾನೆಲ್ಲಿ ಹೋಗಲಿ?" ಎನ್ನುತ್ತಿದ್ದರು. ಆಸ್ಪತ್ರೆಯ ಬಸ್ ಓಡಿಸುತ್ತಾರೆಂದು ಅವರ ಮಗನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಸ್ಟೆತಸ್ಕೋಪ್ ಮುಟ್ಟಿಯೇ ಇಲ್ಲದವರಿಗೂ ಕಳಂಕದಲ್ಲಿ ಪಾಲು ಸಿಕ್ಕಿತ್ತು.

ಬಸ್ಸಿಗೂ ನಾಲ್ಕೇ ಅಂಕ. ಪಕ್ಕದಲ್ಲಿ ದೊಡ್ಡದಾಗಿ ಬರೆದಿದ್ದ ಆಸ್ಪತ್ರೆಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಸಮವಸ್ತ್ರವನ್ನು ಚೀಲದಲ್ಲಿಟ್ಟುಕೊಂಡು ಸಾದಾ ಬಟ್ಟೆಯಲ್ಲಿ ಹತ್ತಬೇಕೆಂಬ ಸೂಚನೆಯೂ ಬಂತು. ಮೆಕ್ಸಿಕೋದಲ್ಲಿ ನರ್ಸುಗಳ ಮೇಲೆ ಬ್ಲೀಚ್ ಎರಚಿದ ಸುದ್ದಿ ಬಂದ ದಿನಗಳವು, ಸುರಕ್ಷತೆಯ ಯೋಚನೆ ತಪ್ಪೆನ್ನಲಾರೆ. ಆದರೂ ಅದರಿಂದ ಲಾಭವಾಗಲಿಲ್ಲ. ಮೂಗಿನ ಮೇಲಿನ ಗಾಯ, ಕೆನ್ನೆಯ ಮೇಲೆ ಮಾಸ್ಕಿನ ದಾರ ಒತ್ತಿದ ಗುರುತು ನೋಡಿದವರಿಗೆ ಸಮವಸ್ತ್ರ ಬೇಕಿರಲಿಲ್ಲ.

ಕೊಠಡಿ ಯಾರಿಗೆ ಸಿಕ್ಕಿತು ಎನ್ನುವುದನ್ನು ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ವೈದ್ಯರಿಗೆ ಸಿಕ್ಕಿತು, ನರ್ಸುಗಳಿಗೆ ಸಿಕ್ಕಿತು, ಸ್ವಲ್ಪ ಜಗಳವಾಡಿದ ಮೇಲೆ ನಮಗೂ ಸಿಕ್ಕಿತು. ವಾರ್ಡ್ ಸ್ವಚ್ಛಗೊಳಿಸುವವರು, ಶವಾಗಾರದವರು, ಆಂಬುಲೆನ್ಸ್ ಚಾಲಕರು ಗುತ್ತಿಗೆ ನೌಕರರಾದ್ದರಿಂದ ಪಟ್ಟಿಯಲ್ಲೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದವರು ಅವರು. ವಾರ್ಡಿನ ನೆಲ ಒರೆಸುವ ಹೆಂಗಸೊಬ್ಬರು ರಾತ್ರಿ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಮಲಗುತ್ತಿದ್ದರು. ಕೇಳಿದರೆ, "ನಮ್ಮ ಬೀದಿಯಲ್ಲಿ ನಲ್ಲಿ ಮುಟ್ಟಲು ಬಿಡುತ್ತಿಲ್ಲ ಅಕ್ಕ, ಇಲ್ಲಿಯೇ ವಾಸಿ" ಎಂದರು. ಕಳೆದ ಅಂಕಗಳಲ್ಲಿ ಒಂದು ಪೂರ್ತಿ ಇದಕ್ಕೇ ಹೋಗಿದೆ.

ಜ್ವರ ಬಂದರೆ ಕೂಡಲೇ ಕೊಠಡಿ ತೆರವು ಮಾಡಬೇಕು ಎನ್ನುವ ನಿಯಮವೂ ಇತ್ತು. ತೆರವು ಮಾಡಿ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಬರೆದಿರಲಿಲ್ಲ. ಪರಿಣಾಮ ಯಾರಾದರೂ ಊಹಿಸಬಹುದು. ಗಂಟಲು ನೋವನ್ನು ಬಿಸಿನೀರಿನಲ್ಲಿ ನುಂಗಿಕೊಂಡು, ಬಾಗಿಲ ಬಳಿ ಜ್ವರಮಾಪಕ ಹಿಡಿಯುವ ಮುನ್ನ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋದವರಿದ್ದರು. ಕಳಂಕದ ಭಯವು ಜನರನ್ನು ರೋಗ ಮುಚ್ಚಿಡುವಂತೆ ಮಾಡುತ್ತದೆ, ಚಿಕಿತ್ಸೆಯಿಂದ ದೂರ ಇಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ರೆಡ್‌ಕ್ರಾಸ್ ಒಕ್ಕೂಟ 2020ರ ಫೆಬ್ರವರಿಯಲ್ಲೇ ಸೇರಿ ಎಚ್ಚರಿಸಿದ್ದವು. ಅದು ಜನಸಾಮಾನ್ಯರಿಗೆಂದು ಬರೆದದ್ದು ಎಂದುಕೊಂಡಿದ್ದೆವು. ಮಾದರಿ ತೆಗೆಯುವ ನಾವೇ ನಮ್ಮ ಮಾದರಿ ಕೊಡಲು ಹಿಂಜರಿಯುವ ಸ್ಥಿತಿಗೆ ಬಂದೆವು.

ಆಪ್ತಸಮಾಲೋಚನೆಯ ಕರೆಗೆ ಹೆಚ್ಚು ಬರೆಯುವುದಿಲ್ಲ. ಆ ಕಡೆಯ ದನಿ ಮೃದುವಾಗಿತ್ತು, ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದಿತು. ನನಗೆ ಬೇಕಾಗಿದ್ದದ್ದು ಮನೆ ಮಾಲೀಕರಿಗೆ ಯಾರಾದರೂ ಒಂದು ಕರೆ ಮಾಡುವುದು. ಎಲ್ಲೋ ಒಂದೆರಡು ಕಡೆ ಹೀಗಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬ ಸಮಾಧಾನವೂ ಸಿಕ್ಕಿತು. ಒಂದೆರಡು ಕಡೆಯಲ್ಲ. ಕೋವಿಡ್‌ಗೆ ಸಂಬಂಧಿಸಿದಂತೆ ಆರೋಗ್ಯ ಸಿಬ್ಬಂದಿ, ರೋಗಿಗಳು ಮತ್ತು ಆಸ್ಪತ್ರೆಗಳ ಮೇಲೆ ನಡೆದ ಹಿಂಸೆ, ಕಿರುಕುಳ, ಕಳಂಕದ 611 ಘಟನೆಗಳನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಮೊದಲ ಆರು ತಿಂಗಳಲ್ಲೇ ನಲವತ್ತಕ್ಕೂ ಹೆಚ್ಚು ದೇಶಗಳಿಂದ ದಾಖಲಿಸಿತ್ತು. ಕಾನೂನು ತಂದ ದೇಶಗಳೂ ಇವೆ. ಭಾರತವು 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ಹೊರಡಿಸಿ ಇಂಥ ಹಿಂಸೆಯನ್ನು ಜಾಮೀನುರಹಿತ ಅಪರಾಧವನ್ನಾಗಿ ಮಾಡಿತು; ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ ಸೆರೆವಾಸ. ಬದುಕಲು, ಕೆಲಸ ಮಾಡಲು ಅಡ್ಡಿಯಾಗುವ ಕಿರುಕುಳವನ್ನೂ ಅದು ಹಿಂಸೆಯ ವ್ಯಾಖ್ಯೆಗೆ ಸೇರಿಸಿತು. ಸಮಾಲೋಚನೆಯ ಕರೆಯಲ್ಲಿ ಕಾನೂನು ಬಲ್ಲ ಒಬ್ಬರು ಇದ್ದಿದ್ದರೆ ಉಸಿರು ತಾನಾಗಿಯೇ ಸರಾಗವಾಗುತ್ತಿತ್ತು.

ಕೆಲಸ ಮಾಡಿದ ಮದ್ದು ಒಪ್ಪಂದದಲ್ಲಿ ಇರಲೇ ಇಲ್ಲ. ನಮ್ಮ ವಿಭಾಗದ ಹಿರಿಯ ವೈದ್ಯೆಯೊಬ್ಬರು ಬಿಡುವು ಮಾಡಿಕೊಂಡು ನಮ್ಮ ಮನೆ ಮಾಲೀಕರುಗಳಿಗೆ ತಾವೇ ಕರೆ ಮಾಡತೊಡಗಿದರು. ಉಪದೇಶವಿಲ್ಲ, ಗದರಿಕೆಯಿಲ್ಲ. ನಿಮಗೆ ಏನು ಭಯ ಹೇಳಿ ಎಂದು ಕೇಳುವುದು, ಹೇಳಿದ್ದಕ್ಕೆ ಉತ್ತರ ಕೊಡುವುದು. ನಮ್ಮ ಮಾಲೀಕರಿಗಿದ್ದ ಭಯ ನನ್ನ ಬಟ್ಟೆಯದಂತೆ, ಒಣಹಾಕುವ ಹಗ್ಗ ಇಬ್ಬರಿಗೂ ಒಂದೇ ಆಗಿತ್ತು! ಬೇರೆ ಹಗ್ಗ ಕಟ್ಟಿದರು, ಮನೆ ಬಾಗಿಲು ತೆರೆಯಿತು. ಎಲ್ಲರ ಮನೆಯೂ ತೆರೆಯಲಿಲ್ಲ, ಆದರೆ ತೆರೆದವೆಲ್ಲ ಹೀಗೆಯೇ ತೆರೆದವು.

ಇನ್ನೊಂದು ಸಣ್ಣ ವಿಷಯ. ಸ್ವಾಗತದ ಮೇಜಿನಲ್ಲಿ ನಮ್ಮನ್ನು ಕೊಠಡಿ ಸಂಖ್ಯೆಯಿಂದಲೇ ಕರೆಯುತ್ತಿದ್ದರು. ಎಬೋಲಾ ಕಾಲದಲ್ಲಿ ಲೈಬೀರಿಯಾದ ಆರೋಗ್ಯ ಸಿಬ್ಬಂದಿಗಾಗಿ ಅಮೆರಿಕದ ಕಲಾವಿದೆ ಮೇರಿ ಬೆತ್ ಹೆಫರ್ನನ್ ಅವರು ಪಿಪಿಇ ಮೇಲೆ ಅಂಟಿಸಿಕೊಳ್ಳುವ ಭಾವಚಿತ್ರಗಳನ್ನು ಮಾಡಿದ್ದರು. ಕವಚದ ಹಿಂದೆ ಇರುವವರ ನಗುಮುಖ ರೋಗಿಗೆ ಕಾಣಲಿ ಎಂದು ಹುಟ್ಟಿದ ಉಪಾಯವದು. ನಮ್ಮ ಮಹಡಿಯವರು ಅದನ್ನು ಬಾಗಿಲಿಗೆ ಅಳವಡಿಸಿದೆವು: ಒಂದೊಂದು ಬಾಗಿಲಿಗೂ ಒಂದು ಫೋಟೊ, ಕೆಳಗೆ ಹೆಸರು. ಊಟದ ಪೊಟ್ಟಣವನ್ನು ಮೊಗಸಾಲೆಯ ತುದಿಯಲ್ಲೇ ಇಟ್ಟು ಓಡುತ್ತಿದ್ದ ಹುಡುಗ ಮುಂದೆ ಬಾಗಿಲವರೆಗೆ ತಂದು, ಹೆಸರು ಹಿಡಿದು ಕೂಗತೊಡಗಿದ.

ಅಂಕಗಳು: ಬಸ್ಸಿಗೆ ನಾಲ್ಕು, ಕೊಠಡಿಗೆ ನಾಲ್ಕು, ಆಪ್ತಸಮಾಲೋಚನೆಗೆ ಒಂದೂವರೆ, ಕಿರುಬಾಗಿಲಿಗೆ ಒಂದು, ಸಿಂಪಡಣೆಗೆ ಸೊನ್ನೆ. ಪಟ್ಟಿಯಿಂದ ಕೈಬಿಟ್ಟವರ ಲೆಕ್ಕ ಮೇಲೆಯೇ ಬಂದಿದೆ. ಬೇರೆ ದಾರಿಯಿಲ್ಲದಿದ್ದರೆ ಸೇರಿಕೊಳ್ಳಿ ಎಂದೇ ಹೇಳುತ್ತೇನೆ; ಬೀದಿಯಲ್ಲಿ ನಿಲ್ಲುವುದಕ್ಕಿಂತ ಇದು ಮೇಲು. ಸೇರುವ ಮುನ್ನ ಮಾತ್ರ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ: ಒಳಗೆ ಹೋಗುವುದು ಯಾವ ಬಾಗಿಲಿನಿಂದ, ಜ್ವರ ಬಂದರೆ ನಮ್ಮನ್ನು ಕಳಿಸುವುದು ಯಾವ ವಿಳಾಸಕ್ಕೆ.