ಹಳೇ ಸಾನ್ ಹುವಾನ್ ನೋಡೋದಾ, ಸಾಂಟೊ ಡೊಮಿಂಗೊದ ಹಳೇ ಪೇಟೆ ನೋಡೋದಾ?

ಎರಡೂ ಕೆರಿಬಿಯನ್ ದ್ವೀಪಗಳಲ್ಲಿ ಸ್ಪ್ಯಾನಿಷರು ಕಟ್ಟಿದ ಪೇಟೆಗಳು, ಎರಡೂ ಕಡೆ ಯುನೆಸ್ಕೊ ಪಟ್ಟಿಯ ತಾಣಗಳಿವೆ. ಒಂದಕ್ಕೇ ರಜೆ ಇದ್ದರೆ ಯಾವುದು?

ಕೋಟೆ ಇಷ್ಟವಾದರೆ ಪೋರ್ಟೊ ರಿಕೊದ ಸಾನ್ ಹುವಾನ್. 1539ರಲ್ಲಿ ಶುರುವಾದ ಎಲ್ ಮೊರೊ ಕೋಟೆ ಸಮುದ್ರದ ಬಂಡೆ ಮೇಲೆ ಆರು ಹಂತಗಳಲ್ಲಿ ನಿಂತಿದೆ. 1595ರಲ್ಲಿ ಇಂಗ್ಲಿಷ್ ನಾವಿಕ ಡ್ರೇಕ್ ಇಲ್ಲಿನ ಫಿರಂಗಿ ಏಟು ತಿಂದು ವಾಪಸ್ ಹೋದ. ಇದೇ ಡ್ರೇಕ್ 1586ರಲ್ಲಿ ಸಾಂಟೊ ಡೊಮಿಂಗೊವನ್ನು ಲೂಟಿ ಮಾಡಿ, ಹಣ ಕಿತ್ತುಕೊಂಡೇ ಜಾಗ ಬಿಟ್ಟಿದ್ದ! ಸಾನ್ ಹುವಾನಿನ ನೀಲಿ ಕಲ್ಲುಹಾಸಿನ ಬೀದಿಗಳೂ ಚೆಂದ. ಆದರೆ ಕ್ರೂಸ್ ಹಡಗು ಬಂದ ದಿನ ಜನ ಜಾಸ್ತಿ.

ಹಳೆತನವೇ ಮುಖ್ಯ ಅಂದರೆ ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸಾಂಟೊ ಡೊಮಿಂಗೊ. 1502ರಲ್ಲಿ ಒಸಾಮಾ ನದಿಯ ಪಶ್ಚಿಮ ದಡಕ್ಕೆ ಬಂದ ಊರಿದು. ಅಮೆರಿಕ ಖಂಡಗಳ ಮೊದಲ ಕೆಥೆಡ್ರಲ್ ಇಲ್ಲಿದೆ. ಕೊಲಂಬಸ್‌ನ ಮಗ ಡಿಯಾಗೊ ಕಟ್ಟಿಸಿದ ಅರಮನೆಯೂ ಇದೆ. ಸ್ಥಳೀಯ ತೈನೊ ಜನರ ಮೇಲಿನ ದೌರ್ಜನ್ಯವನ್ನು 1511ರಲ್ಲಿ ಪಾದ್ರಿ ಮೊಂಟೆಸಿನೋಸ್ ಎಲ್ಲರೆದುರು ಖಂಡಿಸಿದ್ದೂ ಇದೇ ಊರಲ್ಲಿ. ನನಗಂತೂ ಕೋಟೆಗಿಂತ ಈ ಕಥೆಯೇ ದೊಡ್ಡದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಾನ್ ಹುವಾನ್ ಸಲೀಸು, ಪೋರ್ಟೊ ರಿಕೊ ಅಮೆರಿಕದ ಅಧೀನದಲ್ಲಿರೋದರಿಂದ ಅದು ದೇಶದೊಳಗಿನ ವಿಮಾನ ಅಲ್ವಾ. ಬೆಂಗಳೂರಿಂದ ಹೊರಟರೆ ಸಾನ್ ಹುವಾನಿಗೆ ಅಮೆರಿಕ ವೀಸಾ ಬೇಕೇ ಬೇಕು.