ಮೀಟರ್ ಸೊನ್ನೆ ತೋರಿಸಿತು, ಒಳಗೆ ಕರೆಂಟ್ ಇತ್ತು: ಅಗ್ಗದ ಮಲ್ಟಿಮೀಟರ್ ವೈರ್ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ 200, 250 ರೂಪಾಯಿಯ ಹಳದಿ ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್) ಇದ್ದರೆ ಅದನ್ನು ನಂಬಿಕೊಂಡು ಮೋಟರಿನ ಸ್ಟಾರ್ಟರ್ ಬಾಕ್ಸಿಗಾಗಲಿ ಮೈನ್ ಬೋರ್ಡಿಗಾಗಲಿ ಕೈ ಹಾಕಬೇಡಿ. ನಾನು ಹಾಕಿದೆ. ಉಳಿದುಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳೋಕೆ ನಾಚಿಕೆ ಆಗಿತ್ತು.

ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ನೋಡಿಕೊಳ್ಳುವುದು ಅಣ್ಣ. ಬೋರ್‌ವೆಲ್ ಮೋಟರ್ ಆಗಾಗ ಕೈಕೊಡುತ್ತಿತ್ತು, ಪ್ರತಿ ಸಲ ಮೆಕ್ಯಾನಿಕ್ಕಿಗೆ ಕಾಯಬೇಕು. ಒಂದು ಮೀಟರ್ ಇಟ್ಟುಕೊಂಡರೆ ಮೂರು ಫೇಸ್ ಬರುತ್ತಿದೆಯಾ ಇಲ್ವಾ ಅಂತ ನಾವೇ ನೋಡಬಹುದು ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತೆಗೆದುಕೊಂಡೆ. ಅಂಗಡಿ ಹೆಸರು ಬೇಡ.

ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ಇದು ಗಮನಿಸಿ. ಸುಮ್ನೆ "ಒಂದು ಮೀಟರ್ ಕೊಡಿ" ಅನ್ನಲಿಲ್ಲ. "ಊರಲ್ಲಿ ಬೋರ್‌ವೆಲ್ ಸ್ಟಾರ್ಟರ್ ನೋಡೋಕೆ ಬೇಕು, ತ್ರೀ ಫೇಸ್" ಅಂದೆ. "ಆರಾಮಾಗಿ ನೋಡಿ ಸರ್. 750 ವೋಲ್ಟ್ ತನಕ ಇದೆ. ನಿಮ್ಮದು 415 ತಾನೇ?" ಅಂದ. ಮೀಟರ್ 250 ರೂಪಾಯಿ. "ಜೊತೆಗೆ ಬರೋ ವೈರ್ ತೆಳು ಸರ್, ಹೆವಿ ವೈರ್ ತಗೊಳ್ಳಿ" ಅಂತ ಇನ್ನೊಂದು ಜೊತೆಗೆ 150 ರೂಪಾಯಿ. ಆ ವೈರಿನ ಮೇಲೆ 1000 ವೋಲ್ಟ್, 20 ಆಂಪಿಯರ್, ಕ್ಯಾಟ್ 3 (ಎಂಥ ಲೈನಿಗೆ ಬಳಸಬಹುದು ಅನ್ನುವ ಸುರಕ್ಷತಾ ದರ್ಜೆ) ಅಂತ ಅಚ್ಚು ಇತ್ತು. ಕೈಯಲ್ಲಿ ಹಿಡಿದರೆ ದಪ್ಪಗಿತ್ತು. ಕೌಂಟರಿನ ಪ್ಲಗ್ಗಿಗೆ ಚುಚ್ಚಿ ತೋರಿಸಿದ, 231 ಬಂತು. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಟ್ಟ. ನಾನೂ ಸುಮ್ಮನಾದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮೋಟರ್ ಎತ್ತುತ್ತಿರಲಿಲ್ಲ. ಮೀಟರ್ ಇಟ್ಟು ನೋಡಿದೆ. ಫೇಸಿಂದ ಫೇಸಿಗೆ 412, 418, 415. ಮೂರೂ ಸರಿ ಇದೆ. ಸ್ಟಾರ್ಟರಿನ ಟರ್ಮಿನಲ್ ಒಂದು ಕಪ್ಪಗಾಗಿತ್ತು, ಲೂಸ್ ಆಗಿರಬೇಕು ಅನ್ನಿಸಿತು. ಮೈನ್ ಸ್ವಿಚ್ ಹಿಡಿ ಕೆಳಗೆಳೆದೆ. ಅಣ್ಣ ಗೋಡೆಯಲ್ಲಿ ಸಿಕ್ಕಿಸಿದ್ದ ಹಳೇ ಟೆಸ್ಟರ್ ತಂದ. "ಅದು ಬೇಡ ಬಿಡೋ ಅಣ್ಣ, ಮೀಟರ್ ಇದೆಯಲ್ಲ" ಅಂದೆ. ಈ ಮಾತು ನಾನೇ ಆಡಿದ್ದು. ಮೀಟರ್ ವೈರಿನ ತುದಿಯ ಒಂದು ಪಿನ್ ಬಾಕ್ಸಿನ ಅರ್ಥ್ ಬೋಲ್ಟಿಗೆ ಇಟ್ಟು, ಇನ್ನೊಂದನ್ನು ಒಂದೊಂದೇ ಫೇಸಿಗೆ ಮುಟ್ಟಿಸಿದೆ. ಸೊನ್ನೆ. ಸೊನ್ನೆ. ಸೊನ್ನೆ.

ಸ್ಕ್ರೂಡ್ರೈವರ್ ಹಿಡಿದು ಎಡಗೈಯಲ್ಲಿ ಮೂರನೇ ವೈರ್ ಹಿಡಿದೆ. ಮೊಣಕೈ ತನಕ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಹಿಂದಕ್ಕೆ ಬಿದ್ದೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ನೆಲ ಒಣಗಿತ್ತು. ಹಿಂದಿನ ದಿನ ಮಳೆ ಬಂದು ಅಲ್ಲಿ ನೀರು ನಿಂತಿದ್ದರೆ? ಅಣ್ಣ ಏನೂ ಮಾತಾಡಲಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಿ, ಅದೇ ಟೆಸ್ಟರನ್ನು ಆ ಫೇಸಿಗೆ ಇಟ್ಟ. ಕೆಂಪಗೆ ಹೊತ್ತಿಕೊಂಡಿತು.

ಆಮೇಲೆ ಲೈನ್‌ಮ್ಯಾನ್ ಕರೆಸಿ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆಯಿಂದ ಕರೆಂಟ್ ತೆಗೆಸಿ, ಮೈನ್ ಸ್ವಿಚ್ ಬಿಚ್ಚಿದೆವು. ಒಳಗಿನ ಒಂದು ಬ್ಲೇಡ್ ಹಿಡಿಯಿಂದ ಮುರಿದು ಹಾಗೇ ಕಚ್ಚಿಕೊಂಡಿತ್ತು. ಹಿಡಿ ಕೆಳಗೆ ಬಂದಿದೆ, ಎರಡು ಫೇಸ್ ಕಟ್ ಆಗಿದೆ, ಮೂರನೆಯದು ಆಗಿಲ್ಲ. ಸ್ವಿಚ್ ಕೆಟ್ಟಿತ್ತು, ಒಪ್ಪುತ್ತೇನೆ. ಆದರೆ ಅದನ್ನು ಕಂಡುಹಿಡಿಯೋಕೇ ಅಲ್ವಾ ಮೀಟರ್ ಇರುವುದು?

ರಾತ್ರಿ ಮನೆಯಲ್ಲಿ ಕೂತು ಮೀಟರನ್ನು ವೈರಿನ ತಡೆ ಅಳೆಯುವ 200 ಓಮ್‌ಗೆ ತಿರುಗಿಸಿ ಎರಡೂ ಪಿನ್ ಒಂದಕ್ಕೊಂದು ಒತ್ತಿ ಹಿಡಿದೆ. ವೈರ್ ನೆಟ್ಟಗಿದ್ದಾಗ 2.9. ಚೆನ್ನಾಗಿರುವ ವೈರಿನಲ್ಲಿ ಅರ್ಧ ಓಮ್ ಆಸುಪಾಸು ಇರಬೇಕು. ಕೆಂಪು ವೈರನ್ನು ಪಿನ್ನಿನ ಹಿಡಿಯ ಹತ್ತಿರ ಸ್ವಲ್ಪ ಬಗ್ಗಿಸಿದೆ. 14. ಇನ್ನೂ ಸ್ವಲ್ಪ ಬಗ್ಗಿಸಿದೆ. ಎಡಗಡೆ ಬರೀ 1. ಅಂದರೆ ಕಟ್. ಬಿಟ್ಟೆ, ಮತ್ತೆ 2.9. ವೈರ್ ಹಿಡಿಯೊಳಗೆ ಹೋಗುವ ಜಾಗದಲ್ಲೇ ಒಳಗೊಳಗೆ ತುಂಡಾಗಿದೆ. ಹೊರಗೆ ಒಂದು ಗೀರೂ ಇಲ್ಲ. ಫೇಸಿಂದ ಫೇಸಿಗೆ ನೋಡುವಾಗ ಕೈ ಒಂದು ಕಡೆ ಇತ್ತು, 415 ಬಂತು. ಅರ್ಥ್ ಬೋಲ್ಟಿಗೆ ತಿರುಗಿದಾಗ ವೈರ್ ಬಗ್ಗಿತು, ಸೊನ್ನೆ ಬಂತು. ಅಷ್ಟೇ ವ್ಯತ್ಯಾಸ.

ಕತ್ತರಿಸಿ ನೋಡಿದೆ. ಆಗ ಬಂತು ಸಿಟ್ಟು. ಹೊರಗಿನ ದಪ್ಪವೆಲ್ಲ ಬರೀ ಪ್ಲಾಸ್ಟಿಕ್. ಮಧ್ಯದಲ್ಲಿ ಕೂದಲಿನಂಥ ಎಳೆ, ಎಣಿಸಿದೆ, ಒಂಬತ್ತು. ತಾಮ್ರದ ಬಣ್ಣ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹತ್ತಿರ ತಂದೆ. ಎಳೆಗಳು ಎದ್ದು ಹೋಗಿ ಅಂಟಿಕೊಂಡವು. ತಾಮ್ರ ಮ್ಯಾಗ್ನೆಟ್ಟಿಗೆ ಅಂಟುತ್ತದಾ? ಇಲ್ಲ. ಕಬ್ಬಿಣದ ಎಳೆಗೆ ತಾಮ್ರದ ಲೇಪ. ಇದಕ್ಕೆ 20 ಆಂಪಿಯರ್ ಅಂತ ಅಚ್ಚು. ಇದಕ್ಕೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು. ಜಾಸ್ತಿ ಕೊಟ್ಟು ತಗೊಂಡಿದ್ದು!

ಬೆಂಗಳೂರಿಗೆ ಬಂದವನೇ ಅಂಗಡಿಗೆ ಹೋದೆ. ಅವನ ಮಾತುಗಳನ್ನು ಹಾಗೇ ಬರೆಯುತ್ತೇನೆ.

"ಸರ್, ಇದು ಸ್ಟೂಡೆಂಟ್ ಮೀಟರ್. ಕಾಲೇಜ್ ಪ್ರಾಜೆಕ್ಟಿಗೆ ತಗೊಂಡು ಹೋಗ್ತಾರೆ. ಇದನ್ನ ಲೈನಿಗೆ ಯಾರು ಹಾಕ್ತಾರೆ?"

"415ಕ್ಕೆ ಆರಾಮಾಗಿ ನೋಡಿ ಅಂತ ನೀವೇ ಹೇಳಿದ್ರಲ್ಲ?"

"ಮೀಟರ್ ಏನಾಗಿದೆ ಸರ್, ಮೀಟರ್ ಚೆನ್ನಾಗೇ ಇದೆ. ವೈರ್ ಹೋಗಿದೆ."

"ವೈರೂ ನೀವೇ ಕೊಟ್ಟಿದ್ದು. ಹೆವಿ ಅಂತ."

"ಎಳೆದಿರ್ತೀರ ಸರ್. ಎಳೆದ್ರೆ ಯಾವ ವೈರಾದ್ರೂ ಹೋಗತ್ತೆ. ಟೆಸ್ಟಿಂಗ್ ವಾರಂಟಿ ಅಷ್ಟೇ ಇದಕ್ಕೆ. ಇಲ್ಲೇ ತೋರಿಸಿದ್ವಿ, 231 ಬಂತಲ್ಲ."

ಮ್ಯಾಗ್ನೆಟ್ ಜೇಬಿನಲ್ಲೇ ಇತ್ತು. ಅಂಟಿಸಿ ತೋರಿಸಿದೆ. ನೋಡಿದ. ಆಶ್ಚರ್ಯ ಆಗಲಿಲ್ಲ ಅವನಿಗೆ. "ಸರ್, ಈ ರೇಟಿಗೆ ಇನ್ನೇನ್ ಬೇಕು ನಿಮ್ಗೆ?" ಅಂದ. ಆಗಲೇ ನನಗೆ ಗೊತ್ತಾಗಿದ್ದು, ಅವನಿಗೆ ಮೊದಲಿಂದಲೂ ಗೊತ್ತಿತ್ತು. ಸ್ಟಾರ್ಟರಿಗೆ ಬೇಕು ಅಂದಾಗಲೂ ಗೊತ್ತಿತ್ತು. ಸ್ಟೂಡೆಂಟ್ ಮೀಟರ್ ಅನ್ನೋ ಮಾತು ಅವತ್ತು ಯಾಕೆ ಬರಲಿಲ್ಲ? ಈ ರೇಟಿಗೆ ಇಷ್ಟೇ ಅಂತ ಅವತ್ತೇ ಹೇಳಿದ್ದರೆ ನಾನು 1500 ಕೊಟ್ಟು ಬೇರೆ ತೆಗೆದುಕೊಳ್ಳುತ್ತಿದ್ದೆ. ನಾನೇನು ಚೌಕಾಸಿ ಮಾಡಿರಲಿಲ್ಲ. ಕೊನೆಗೆ ಅದೇ ಕಟ್ಟಿನಿಂದ ಇನ್ನೊಂದು ಜೊತೆ ವೈರ್ ಎಳೆದು "ಫ್ರೀ ತಗೊಳ್ಳಿ ಸರ್, ಬೇಜಾರ್ ಮಾಡ್ಕೋಬೇಡಿ" ಅಂತ ಕೊಡೋಕೆ ಬಂದ. ಮುಟ್ಟದೆ ಬಂದೆ.

ಮೀಟರನ್ನೂ ಬಿಚ್ಚಿ ನೋಡಿದೆ. ವೈರ್ ಸಿಕ್ಕಿಸುವ ತೂತುಗಳಲ್ಲಿ 10 ಆಂಪಿಯರಿನದಕ್ಕೆ ಫ್ಯೂಸೇ ಇಲ್ಲ. ದಪ್ಪ ತಂತಿಯೊಂದು ಅಲ್ಲಿಂದ ನೇರ ಕಪ್ಪು ವೈರ್ ಕೂರುವ ಕಾಮನ್‌ಗೆ. ಫ್ಯೂಸ್ ಇಲ್ಲ ಅಂತ ಮೀಟರಿನ ಮುಖದ ಮೇಲೇ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿದೆ, ನಾವು ಓದುವುದಿಲ್ಲ. ವೈರನ್ನು ಆ ತೂತಿನಲ್ಲೇ ಮರೆತು ಪ್ಲಗ್ಗಿಗೆ ಪಿನ್ ಚುಚ್ಚಿದರೆ ಅದು ನೇರ ಶಾರ್ಟ್, ಕೈಯಲ್ಲೇ ಸಿಡಿಯಬಹುದು. ಇನ್ನೊಂದು ತೂತಿಗೆ ಚಿಕ್ಕ ಗಾಜಿನ ಫ್ಯೂಸ್, ಅದರ ಮೇಲೆ 250 ವೋಲ್ಟ್ ಅಂತ ಇದೆ. ಹೊರಗೆ 750 ಅಂತ ಬರೆದ ಮೀಟರಿನ ಒಳಗೆ 250ರ ಫ್ಯೂಸ್. ಕ್ಯಾಟ್ 3 ಅಂದರೆ ಕಟ್ಟಡದ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಬಳಸುವಂಥದ್ದು, ಕ್ಯಾಟ್ 4 ಅಂದರೆ ಕಂಬದಿಂದ ಬರುವ ಲೈನಿಗೆ. ಅಚ್ಚು ಹಾಕೋಕೆ ಯಾರನ್ನೂ ಕೇಳಬೇಕಾಗಿಲ್ಲ ಅಂತ ಈಗ ಗೊತ್ತಾಯಿತು.

ಹಾಗಾದರೆ ಎಸೆಯಬೇಕಾ? ಮೀಟರ್ ಎಸೆದಿಲ್ಲ. ಸ್ನೇಹಿತನ ಒಳ್ಳೆಯ ಮೀಟರ್ ಪಕ್ಕದಲ್ಲಿಟ್ಟು ಬೈಕ್ ಬ್ಯಾಟರಿ ನೋಡಿದೆ. ಅದರಲ್ಲಿ 12.58, ಇದರಲ್ಲಿ 12.6. ಲೆಕ್ಕ ಸರಿಯಾಗೇ ಹೇಳುತ್ತದೆ. ಸೆಲ್, ಬೈಕ್ ಬ್ಯಾಟರಿ, ಟಾರ್ಚ್ ನೋಡೋಕೆ ಇರಲಿ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದರೆ ಇಂಥ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದೊಂದು ನೆನಪಿರಲಿ. ಆದರೆ ಕರೆಂಟ್ ಲೈನಿಗೆ ಮಾತ್ರ ಬೇಡ. ವೈರನ್ನು ಇಟ್ಟುಕೊಳ್ಳಲೇಬೇಡಿ. ಬೇರೆ ಒಳ್ಳೆಯ ಮೀಟರಿಗೂ ಅದು ಕೂರುತ್ತದೆ, ಯಾರಾದರೂ ಒಂದಿನ ಹಾಕಿಬಿಡುತ್ತಾರೆ.

ವೈರ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಓಮ್‌ಗೆ ಇಟ್ಟು, ಪಿನ್ ಒತ್ತಿ ಹಿಡಿದು, ಎರಡೂ ತುದಿ ಚೆನ್ನಾಗಿ ಬಗ್ಗಿಸಿ. ಅಂಕಿ ಕುಣಿದರೆ ಬಿಟ್ಟು ಬನ್ನಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಸಿಲಿಕೋನ್ ಹೊದಿಕೆ ಇದ್ದು ಮೆತ್ತಗಿರಬೇಕು, ಪಿನ್ನಿನ ತುದಿ ಮಾತ್ರ ಹೊರಗೆ ಕಾಣುವಂತೆ ಮುಚ್ಚಳ ಇರಬೇಕು.

ಇನ್ನು ಸೊನ್ನೆ ಬಂದಾಗ. ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ನೋಡಿ, ಆಮೇಲೆ ಕೆಲಸ ಮಾಡುವ ಜಾಗ ನೋಡಿ, ಮತ್ತೆ ವಾಪಸ್ ಹೋಗಿ ಕರೆಂಟ್ ಇರುವ ಕಡೆಯೇ ನೋಡಿ. ನಾನು ಮೊದಲ ಎರಡು ಮಾಡಿದ್ದೆ. ಮೂರನೆಯದು ಮಾಡಿದ್ದರೆ ಆ ಸೊನ್ನೆ ವೈರಿನದು ಅಂತ ಅಲ್ಲೇ ಗೊತ್ತಾಗುವ ಸಾಧ್ಯತೆ ಇತ್ತು.

ಮೈನ್ ಸ್ವಿಚ್ ಹೊಸದು ಹಾಕಿಸಿದ್ದೇವೆ. ಆ ವೈರನ್ನು ನಾಲ್ಕು ತುಂಡು ಮಾಡಿ ಎಸೆದೆ. ಅಣ್ಣನ ಟೆಸ್ಟರ್ ಸ್ಟಾರ್ಟರ್ ಪಕ್ಕದಲ್ಲೇ ನೇತಾಡುತ್ತಿದೆ. ಈಗ ಯಾವ ಮೀಟರ್ ಕೈಯಲ್ಲಿದ್ದರೂ ಅದನ್ನೂ ಇಟ್ಟು ನೋಡುತ್ತೇನೆ.