ಬೀಟಲ್‌ಗೆ ಆಯಿಲ್ ಕೂಲರ್ ಫ್ಯಾನ್: ಫ್ಯಾನ್ ಇಟ್ಟುಕೊಳ್ಳಿ, ಜೊತೆಗೆ ಬಂದ ವೈರ್ ಎಸೆಯಿರಿ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಎಲೆಕ್ಟ್ರಿಕ್ ಫ್ಯಾನ್ ಇರುವ ಆಯಿಲ್ ಕೂಲರ್ ಹಾಕಿಸೋಣ ಅಂತ ಯೋಚಿಸುತ್ತಿದ್ದರೆ, ಹಾಕಿಸಿ. ಆದರೆ ಕಿಟ್ ಜೊತೆ ಬರುವ ವೈರ್ ಪ್ಯಾಕೆಟ್ಟನ್ನು ಮಾತ್ರ ಕಾರಿನ ಹತ್ತಿರ ಬಿಡಬೇಡಿ.

ನನ್ನದು 1970ರ ಮಾಡೆಲ್, 12 ವೋಲ್ಟಿನದು. ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ ಅನ್ನೋದು ಗೊತ್ತಲ್ವಾ? ಗಾಳಿ ಮತ್ತು ಎರಡೂವರೆ ಲೀಟರ್ ಆಯಿಲ್, ಇವೆರಡೇ ಅದನ್ನು ಕಾಪಾಡಬೇಕು. ಕಾರಿನ ಜೊತೆಗೇ ಬಂದ ಕೂಲರ್ ಇಂಜಿನ್ ಫ್ಯಾನಿನ ಕವಚದೊಳಗೆ ಕೂತು, ಮೂರನೇ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅಡ್ಡ ಬರುತ್ತದೆ. 1971ರ ಮಾಡೆಲ್‌ನಿಂದ ಅದನ್ನು ಬೇರೆ ಗೂಡು ಮಾಡಿ ಸರಿಸಿದರು. ನನ್ನ ಕಾರಿಗೆ ಒಂದು ವರ್ಷದಲ್ಲಿ ಆ ಭಾಗ್ಯ ತಪ್ಪಿತು. ಅದಕ್ಕೇ ಗೇರ್‌ಬಾಕ್ಸ್ ಮೇಲಿನ ಜಾಗದಲ್ಲಿ ಇನ್ನೊಂದು ಕೂಲರ್ ಹಾಕಿಸಿದೆ.

ಈಗ ವೈರ್ ವಿಷಯ. ಕಿಟ್‌ನಲ್ಲಿ ಬಂದಿದ್ದು ಕಾಲಿಂಗ್ ಬೆಲ್‌ಗೆ ಎಳೆಯುವಂಥ ಸಣ್ಣ ವೈರ್. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಅಂದರೆ ರಿಲೇ, ಇಲ್ಲ. ಚೀಟಿಯಲ್ಲಿ ಬರೆದಿದ್ದು: ಪವರನ್ನು ಇಗ್ನಿಷನ್ ಕಾಯಿಲ್‌ನ 15ನೇ ಟರ್ಮಿನಲ್‌ನಿಂದ ತೆಗೆದುಕೊಳ್ಳಿ. ಅಂದರೆ ಇಂಜಿನ್ನಿನ ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್‌ನ ಲೈನಿನಿಂದಲೇ. ಫಿಟ್ ಮಾಡಿದ ಹುಡುಗ ಹಾಗೇ ಮಾಡಿದ. ಫ್ಯಾನೇನೋ ತಿರುಗಿತು. ಆದರೆ ಅದು ಶುರುವಾದಾಗಲೆಲ್ಲ ಇಂಜಿನ್ ಒಮ್ಮೆ ಮುಗ್ಗರಿಸುತ್ತಿತ್ತು. ಸಂಜೆ ಹೆಡ್‌ಲೈಟ್ ಹಾಕಿದರೆ ಇನ್ನೂ ಜಾಸ್ತಿ.

ಕಾರಣ ಈ ಕಾರಿನ ವೈರಿಂಗ್‌ನಲ್ಲೇ ಇದೆ. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ. ಇಂಜಿನ್ ಹಿಂದೆ, ಕಾಯಿಲ್ ಹಿಂದೆ, ಫ್ಯಾನೂ ಹಿಂದೆ. ಆದರೆ ಕಾಯಿಲ್‌ಗೆ ಸಿಗುವ ಕರೆಂಟ್ ಬ್ಯಾಟರಿಯಿಂದ ಹೊರಟು ಮುಂದೆ ಇಗ್ನಿಷನ್ ಸ್ವಿಚ್ಚಿಗೆ ಹೋಗಿ, ಮತ್ತೆ ಅಷ್ಟೂ ದೂರ ವಾಪಸ್ ಬರುತ್ತದೆ. ದಾರಿಯಲ್ಲಿ ಐವತ್ತು ವರ್ಷ ಹಳೆಯ ಕನೆಕ್ಷನ್‌ಗಳು. ಆ ಲೈನಿಗೆ ಫ್ಯೂಸೂ ಇಲ್ಲ. ಅದರ ಮೇಲೆ ಎಂಟು ಆಂಪಿಯರ್ ಎಳೆಯುವ ಮೋಟಾರ್ ಕಟ್ಟಿದರೆ ಕಾಯಿಲ್‌ಗೆ ಏನು ಉಳಿಯುತ್ತದೆ? ಇಂಜಿನ್ ಆಫ್ ಮಾಡಿ ಬರೀ ಕೀ ಆನ್ ಇಟ್ಟು ಮೀಟರ್ ಹಿಡಿದು ನೋಡಿದೆ. ಬ್ಯಾಟರಿ ಹತ್ತಿರ 12.3 ವೋಲ್ಟ್, ಫ್ಯಾನ್ ಪ್ಲಗ್‌ನಲ್ಲಿ 10.4. ಕಿಟ್ ಮಾಡಿದವರು ಒಂದು ಸಲ ಆದರೂ ನಿಜವಾದ ಬೀಟಲ್‌ಗೆ ಇದನ್ನು ಹಾಕಿ ನೋಡಿದ್ದಾರಾ ಅಂತ ಅನುಮಾನ.

ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರದ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಆ ವೈರನ್ನು ಎರಡು ಬೆರಳಲ್ಲಿ ಎತ್ತಿ, "ಇದ್ರಲ್ಲಿ ಬಟ್ಟೆ ಒಣಗಾಕ್ಬೋದು ಸಾರ್" ಅಂದರು. ಅವರು ಮಾಡಿಕೊಟ್ಟಿದ್ದು ಹೀಗೆ. ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ 2.5 ಚದರ ಮಿ.ಮೀ. ವೈರ್. ಹೊರಟ ಕೂಡಲೇ, ಒಂದು ಗೇಣಿನೊಳಗೆ, 15 ಆಂಪಿಯರ್ ಫ್ಯೂಸ್. ಅಲ್ಲಿಂದ ರಿಲೇಯ 30ನೇ ನಂಬರಿನ ಪಿನ್ನಿಗೆ. 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಲೈನ್. ರಿಲೇ ಆನ್ ಆಗೋಕೆ ಚೂರೇ ಚೂರು ಕರೆಂಟ್ ಸಾಕು, ಅದರಿಂದ ಕಾಯಿಲ್‌ಗೆ ತೊಂದರೆ ಇಲ್ಲ. 85ನ್ನು ಆಯಿಲ್ ಲೈನಿನಲ್ಲಿರುವ ಥರ್ಮೋ ಸ್ವಿಚ್ ಮೂಲಕ ಅರ್ಥ್‌ಗೆ. ಆಯಿಲ್ 82 ಡಿಗ್ರಿ ಮುಟ್ಟಿದಾಗ ಆ ಸ್ವಿಚ್ ಕೂಡಿ ರಿಲೇ ಆನ್ ಆಗುತ್ತದೆ. ಮೊದಲು ಫಿಟ್ ಮಾಡಿದ ಹುಡುಗ ಫ್ಯಾನಿನ ಅರ್ಥ್ ಕೂಡ ಬಣ್ಣದ ಮೇಲೆ ಸ್ಕ್ರೂ ಹೊಡೆದು ಬಿಟ್ಟಿದ್ದ. ಇವರು ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿ, ಮೇಲೆ ಗ್ರೀಸ್ ಹಚ್ಚಿ ಬಿಗಿದರು. ಈಗ ಫ್ಯಾನ್ ಹತ್ತಿರ 11.9 ವೋಲ್ಟ್ ಬರುತ್ತದೆ. ಗಾಳಿಯ ಸದ್ದೇ ಬೇರೆ!

ಸೀಟಿನ ಕೆಳಗೆ ಕೆಲಸ ಮಾಡಿಸಿದ ಮೇಲೆ ಬ್ಯಾಟರಿ ಮುಚ್ಚಳ ಮರೆಯಬೇಡಿ. ಭಾರವಾದವರು ಕೂತಾಗ ಸೀಟಿನ ಸ್ಪ್ರಿಂಗ್ ಪ್ಲಸ್ ಟರ್ಮಿನಲ್‌ಗೆ ತಾಗಿ ಬೀಟಲ್‌ಗಳು ಹೊತ್ತಿಕೊಂಡದ್ದು ಸುಳ್ಳಲ್ಲ.

ನನಗೆ ಈಗ ಇಷ್ಟವಾಗಿರೋದು ಆ ರಿಲೇ ಸದ್ದು. ಹಿಂದಿನ ಸೀಟಿನ ಕೆಳಗಿನಿಂದ ಸಣ್ಣದಾಗಿ ಟಿಕ್ ಅನ್ನುತ್ತದೆ, ಆಮೇಲೆ ಫ್ಯಾನ್ ಗುಯ್ ಅನ್ನುತ್ತದೆ. ಮಗಳು ಹಿಂದೆ ಕೂತಿದ್ದರೆ ನನಗಿಂತ ಮೊದಲೇ "ಅಪ್ಪಾ, ಟಿಕ್ ಅಂತು" ಅಂತ ವರದಿ ಕೊಡುತ್ತಾಳೆ. ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಒರೆಸಿ ಆಯಿಲ್ ನೋಡುವಾಗ ಕಾರಿನ ಕೆಳಗೆ ಬಗ್ಗಿ ಫ್ಯಾನಿನ ಪ್ಲಗ್ಗನ್ನೂ ಒಂದು ಸಲ ಅಲ್ಲಾಡಿಸುತ್ತೇನೆ. ಅದು ಕೆಸರಿಗೆ ಸಿಗುವ ಜಾಗ. ಮಳೆಗಾಲದಲ್ಲಿ ಪಿನ್ನು ಹಸಿರಾಗುತ್ತದೆ, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಸಾಕು.

ವೈರಿಂಗ್‌ಗೂ ಬಗ್ಗದ ಒಂದು ತಲೆನೋವು ಇದೆ. ನನ್ನ ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು ಡೈನಮೋ, ಹೆಚ್ಚೆಂದರೆ 30 ಆಂಪಿಯರಿನದು. ಚಾರ್ಮಾಡಿ ಘಾಟ್ ಎರಡನೇ ಗೇರಿನಲ್ಲಿ ಹತ್ತುವಾಗ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಡೈನಮೋ ಕೈತುಂಬ ಕೊಡುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಉಲ್ಟಾ. ಐಡ್ಲಿಂಗ್‌ನಲ್ಲಿ ಡೈನಮೋ ಏನೂ ಕೊಡಲ್ಲ, ಚಾರ್ಜಿಂಗಿನ ಕೆಂಪು ದೀಪ ಮಿಣುಕುತ್ತದೆ. ಫ್ಯಾನ್ ತಿರುಗೋದೂ ಆಗಲೇ ಜಾಸ್ತಿ. ಅಷ್ಟೂ ಬ್ಯಾಟರಿ ತಲೆ ಮೇಲೆ. ಅದಕ್ಕೆ ಡ್ಯಾಶ್‌ಬೋರ್ಡ್ ಕೆಳಗೆ ಸಣ್ಣ ಸ್ವಿಚ್ ಇಟ್ಟು, 86ರ ಲೈನನ್ನು ಅದರ ಮೂಲಕ ತಂದಿದ್ದೇನೆ, ಬೇಡವಾದಾಗ ಫ್ಯಾನ್ ನಿಲ್ಲಿಸೋಕೆ. ಉದ್ದದ ಸಿಗ್ನಲ್ ಅಂತ ಗೊತ್ತಾದರೆ ಇಂಜಿನ್ನೇ ಆಫ್ ಮಾಡುತ್ತೇನೆ, ಫ್ಯಾನೂ ನಿಲ್ಲುತ್ತದೆ. ಇಂಜಿನ್ ನಿಂತ ಮೇಲೆ ಆಯಿಲ್ ಪಂಪೂ ನಿಂತಿರುತ್ತದೆ. ಕೂಲರ್‌ಗೆ ಆಯಿಲ್ಲೇ ಬರದಿರುವಾಗ ಫ್ಯಾನ್ ಸುಮ್ನೆ ತಿರುಗಿ ಏನು ಪ್ರಯೋಜನ? ಐಡ್ಲಿಂಗ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿದರೆ ಈ ಲೆಕ್ಕಾಚಾರವೇ ಬೇಡ, ನಿಜ. ಅದಕ್ಕೆ ಹೇಳಿದ ರೇಟು ಕೇಳಿ ಸದ್ಯಕ್ಕೆ ಸ್ವಿಚ್ಚೇ ಸಾಕು ಅಂತ ತೀರ್ಮಾನ ಮಾಡಿದ್ದೇನೆ.

ಫ್ಯಾನ್ ಮತ್ತು ಕೂಲರ್‌ಗೆ ನಾಲ್ಕು ಸ್ಟಾರ್. ವೈರ್ ಪ್ಯಾಕೆಟ್‌ಗೆ ಅರ್ಧ, ಅದೂ ಅದರಲ್ಲಿದ್ದ, ವೈರ್ ತೂರಿಸುವ ರಬ್ಬರ್ ಗ್ರೊಮೆಟ್ ಚೆನ್ನಾಗಿತ್ತು ಅಂತ. ಸ್ನೇಹಿತರ ಕಾರಿಗೆ ಬೇಕಾದಾಗ ವೈರ್ ಬಿಟ್ಟು ಬರೀ ಫ್ಯಾನ್, ಕೂಲರ್ ಕೊಡ್ತೀರಾ ಅಂತ ಅಂಗಡಿಗೆ ಫೋನ್ ಮಾಡಿ ಕೇಳಿದೆ. ಕೊಡ್ತೀವಿ ಸಾರ್, ರೇಟು ಅದೇ ಅಂದರು.